ಬಿಚ್ಚದೆ ಉಳಿದ ಕಚ್ಚಾ ಹೊಲಿಗೆ

ಅಂಗಡಿಯ ಮೇಜಿನಿಂದ, ಕತ್ತರಿ ಪಕ್ಕಕ್ಕೆ ಸರಿಸಿಕೊಂಡು
ಹನ್ನೊಂದನೇ ತಾರೀಖು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಮೊದಲು ನಿನ್ನ ಕಿವಿಯ ವಿಷಯ ಹೇಳು. ಕಳೆದ ಕಾಗದದಲ್ಲಿ ‘ಎಡಗಿವಿ ಸ್ವಲ್ಪ ಮಂದ’ ಅಂತ ಒಂದು ಸಾಲು ಬರೆದವನು ತಕ್ಷಣ ಕ್ಯಾಂಟೀನಿನ ಊಟದ ಸುದ್ದಿಗೆ ಹಾರಿಬಿಟ್ಟೆ. ಸ್ವಲ್ಪ ಅಂದರೆ ಎಷ್ಟು? ಮುನ್ನೂರು ಹೊಲಿಗೆ ಮೆಷಿನ್ನು ಒಟ್ಟಿಗೆ ಓಡುವ ಕಾರ್ಖಾನೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯೋ, ಇಲ್ಲ ‘ನನಗೇನಾಗುತ್ತೆ’ ಅಂತ ಎದೆ ಸೆಟೆಸಿಕೊಂಡು ಓಡಾಡುತ್ತೀಯೋ? ಮೆಷಿನ್ನಿನ ಶಬ್ದ ಕೇಳಿಯೇ ಅದರ ರೋಗ ಹೇಳುವವನು ನೀನು. ಕಿವಿ ಹೋದರೆ ನಿನ್ನ ಅರ್ಧ ಕಸುಬೇ ಹೋದಂತೆ, ನೆನಪಿರಲಿ. ಮೊಣಕಾಲಿಗೆ ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯಾ? ಮೆಷಿನ್ನಿಗೆ ಹಾಕಿ ಮುಗಿಸಿಲ್ಲ ತಾನೆ? ಇಲ್ಲಿ ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನಮ್ಮ ಮನೆಯವರಿಗೆ ನಿವೃತ್ತಿಯಾದ ಮೇಲೆ ಮಾಡಲು ಕೆಲಸವಿಲ್ಲದೆ ಫೋನಿನಲ್ಲಿ ಫೋಟೋ ತೆಗೆಯುವ ಹುಚ್ಚು ಹಿಡಿದಿದೆ. ಬೆಳಗಿನ ಕಾಫಿಯಿಂದ ಹಿಡಿದು ಬಾಗಿಲ ಚಿಲಕದವರೆಗೆ ಯಾವುದನ್ನೂ ಬಿಟ್ಟಿಲ್ಲ. ನನಗೆ ಕಣ್ಣಿನ ನಂಬರ್ ಮತ್ತೆ ಏರಿದೆ. ಸೂಜಿಗೆ ದಾರ ಪೋಣಿಸುವಾಗ ಈಗ ನಾನು ಸೂಜಿಯ ಜೊತೆ ಜೋರಾಗಿ ಜಗಳವಾಡುತ್ತೇನೆ.

ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ಫೋನು ಮಾಡಿದರೆ ನೀನು ‘ಹಾಂ, ಸರಿ, ಇಡ್ಲಾ?’ ಅನ್ನುವ ಮೂರು ಮಾತಿನಲ್ಲಿ ಒಂದು ತಿಂಗಳ ಸುದ್ದಿಯನ್ನು ಮಡಚಿ ಪೆಟ್ಟಿಗೆಗೆ ಹಾಕಿಬಿಡುತ್ತೀಯ. ಕಾಗದವಾದರೆ ನಡುವೆ ಇಡುವ ಹಾಗಿಲ್ಲ. ನಿನ್ನ ಮ್ಯಾನೇಜರು ಇನ್ನೂ ಎರಡು ವರ್ಷ ಇರಬೇಕು ಅಂತ ಒಂದು ಪತ್ರ ಕೊಟ್ಟಿದ್ದಾರೆ, ಮೂವತ್ತನೇ ತಾರೀಖಿನೊಳಗೆ ಸಹಿ ಹಾಕಬೇಕು ಅಂತ ಬರೆದಿದ್ದೀಯ. ಓದಿದೆ. ಎರಡು ಸಲ ಓದಿದೆ. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಎಂಟು ತಿಂಗಳ ಹಿಂದೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೀನು ಬೆರಳು ತೋರಿಸಿ ಹೇಳಿದ್ದು ಚೆನ್ನಾಗಿ ನೆನಪಿದೆ: ‘ನನ್ನನ್ನ ಊರಿಗೆ ಕರೆದು ಕಾಗದ ಬರೀಬೇಡ. ಬರೆದ್ರೆ ಅರ್ಧಕ್ಕೇ ಮಡಚಿಡ್ತೀನಿ.’ ನಾನು ಹೂಂ ಅಂದಿದ್ದೆ. ಹೂಂ ಅಂದರೆ ಹೂಂ. ಆದ್ದರಿಂದ ಧೈರ್ಯವಾಗಿ ಮುಂದೆ ಓದು, ಇದರಲ್ಲಿರುವುದು ಬರೀ ಸುದ್ದಿ.

ಸುದ್ದಿ ಏನಪ್ಪಾ ಅಂದರೆ ನಿನ್ನ ತಂಗಿ ಈ ಐವತ್ತಾರನೇ ವಯಸ್ಸಿನಲ್ಲಿ ಒಂದು ವೆಬ್‌ಸೈಟ್ ಕಟ್ಟಿದ್ದಾಳೆ. ನಗಬೇಡ. ನಕ್ಕೆ ಅಂತ ಗೊತ್ತು, ಈಗ ನಿಲ್ಲಿಸು. ಇದಕ್ಕೆಲ್ಲ ಕಾರಣ ಒಬ್ಬಳು ಹುಡುಗಿ. ಮೂರು ತಿಂಗಳ ಹಿಂದೆ ಅವಳು ನಮ್ಮ ಅಂಗಡಿಯ ಬೋರ್ಡಿನ ಕೆಳಗೇ ನಿಂತು, ಕೈಯಲ್ಲಿ ಹರಿದ ಕೋಟು ಹಿಡಿದುಕೊಂಡು, ‘ಆಂಟಿ, ಇಲ್ಲಿ ಹತ್ತಿರದಲ್ಲಿ ಟೈಲರ್ ಯಾರಾದ್ರೂ ಇದ್ದಾರಾ? ಫೋನಲ್ಲಿ ಈ ರಸ್ತೇಲಿ ಯಾರೂ ಇಲ್ಲ ಅಂತ ತೋರಿಸ್ತಿದೆ’ ಅಂದಳು. ನನ್ನ ಕೊರಳಲ್ಲಿ ಟೇಪು ನೇತಾಡುತ್ತಿತ್ತು ಅಣ್ಣಾ! ಮೂವತ್ತೊಂದು ವರ್ಷದಿಂದ ಒಂದೇ ಬಾಗಿಲಲ್ಲಿ ಕೂತಿರುವವಳನ್ನು ಒಂದು ಫೋನು ‘ಇಲ್ಲ’ ಅಂದುಬಿಟ್ಟಿತು. ಕೋಟು ಹೊಲಿದು ಕೊಟ್ಟೆ, ಆದರೆ ಸಿಟ್ಟು ಮಾತ್ರ ಇಳಿಯಲಿಲ್ಲ. ಅದೇ ವಾರ ಲೈಬ್ರರಿಯ ಬಾಗಿಲಲ್ಲಿ ಒಂದು ಚೀಟಿ ಅಂಟಿಸಿದ್ದರು: ಮೊದಲ ಸಲ ವೆಬ್‌ಸೈಟ್ ಮಾಡುವವರಿಗೆ ಆರು ಶನಿವಾರ, ಮಧ್ಯಾಹ್ನ ಎರಡರಿಂದ ನಾಲ್ಕು. ಹೋಗಿ ಹೆಸರು ಬರೆಸಿಯೇಬಿಟ್ಟೆ.

ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ ಅಂತ ಕನ್ನಡಕ ಒರೆಸಿಕೊಂಡು ಹೋದರೆ, ಮೊದಲ ದಿನ ಕಂಪ್ಯೂಟರೇ ಇಲ್ಲ. ಕಲಿಸುವವರು ಮೇಜಿನಷ್ಟೇ ಎತ್ತರದ ಒಬ್ಬ ಟೀಚರಮ್ಮ. ಮೊದಲು ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದರಂತೆ. ಒಬ್ಬೊಬ್ಬರಿಗೂ ಒಂದೊಂದು ದೊಡ್ಡ ಹಾಳೆ, ಒಂದು ಪೆನ್ಸಿಲು ಕೊಟ್ಟರು. ‘ಕೈಗೆ ಕೀಬೋರ್ಡು ಸಿಕ್ಕ ತಕ್ಷಣ ಎಲ್ಲರೂ ಬಣ್ಣ ಆರಿಸೋಕೆ ಶುರು ಮಾಡ್ತಾರೆ. ಆಮೇಲೆ ಬರೆಯೋಕೆ ಏನಿಲ್ಲ ಅಂತ ನನ್ನ ಮುಖ ನೋಡ್ತಾರೆ’ ಅಂದರು. ಆ ಕ್ಷಣಕ್ಕೇ ನನಗೆ ಅವರ ಮೇಲೆ ಗೌರವ ಬಂತು. ಅಳತೆ ತಗೊಳ್ಳದೆ ಕತ್ತರಿ ಹಿಡಿಯುವವರನ್ನು ಕಂಡರೆ ನನಗೂ ಹಾಗೇ ಮೈ ಉರಿಯುತ್ತದೆ. ಆಮೇಲೆ ಅವರು ಎರಡೇ ಪ್ರಶ್ನೆ ಕೇಳಿದರು. ನಿಮ್ಮ ಸೈಟಿಗೆ ಬರೋರು ಯಾರು? ಬಂದು ಏನು ಮಾಡಿಕೊಂಡು ಹೋಗಬೇಕು? ನಾನು ಮೊದಲನೆಯದಕ್ಕೆ ‘ಎಲ್ಲರೂ’ ಅಂತ ಬರೆದೆ. ಅವರು ಅದರ ಮೇಲೆ ಸದ್ದಿಲ್ಲದೆ ಒಂದು ಗೆರೆ ಎಳೆದು, ‘ಎಲ್ಲರಿಗೂ ಅಂತ ಕಟ್ಟಿದ್ರೆ ಯಾರಿಗೂ ಸರಿಹೋಗಲ್ಲಮ್ಮ. ಒಬ್ಬರನ್ನ ಮನಸ್ಸಲ್ಲಿ ಇಟ್ಕೊಂಡು ಕಟ್ಟಿ’ ಅಂದರು. ನಾನು ಆ ಕೋಟಿನ ಹುಡುಗಿ ಅಂತ ಬರೆದುಕೊಟ್ಟೆ. ಟೀಚರಮ್ಮ ಸರಿ ಅಂತ ತಲೆಯಾಡಿಸಿದರು.

ನನ್ನ ಪಕ್ಕದಲ್ಲಿ ಕೂತವರು ನಮ್ಮ ರಸ್ತೆಯ ತುದಿಯ ಬೀಗದವರು, ನಿನ್ನ ಜೊತೆ ಚದುರಂಗ ಆಡುತ್ತಿದ್ದರಲ್ಲ, ಅವರೇ. ಆಟದಲ್ಲಿ ನಿನ್ನ ಕುದುರೆ ಕದಿಯುತ್ತಿದ್ದವರು ಕ್ಲಾಸಿನಲ್ಲಿ ನನ್ನ ಹಾಳೆಯನ್ನೇ ಕದ್ದು ನೋಡುತ್ತಿದ್ದರು. ಎರಡನೇ ಶನಿವಾರ ಪುಟಗಳ ನಕ್ಷೆ ಬರೆಯಬೇಕಿತ್ತು. ಒಂದೊಂದು ಪುಟಕ್ಕೆ ಒಂದೊಂದು ಚೌಕ, ಯಾವುದರಿಂದ ಯಾವುದಕ್ಕೆ ಹೋಗಬೇಕು ಅಂತ ಗೆರೆ. ಒಂದು ಪುಟಕ್ಕೆ ಒಂದೇ ಕೆಲಸ, ಶುರು ಮಾಡುವವರಿಗೆ ನಾಲ್ಕೇ ಪುಟ ಸಾಕು ಅಂತ ಕಟ್ಟಪ್ಪಣೆ. ಬೀಗದವರು ಹದಿನೇಳು ಚೌಕ ಬರೆದರು, ಒಂದೊಂದು ಬಗೆಯ ಬೀಗಕ್ಕೆ ಒಂದೊಂದು. ಟೀಚರಮ್ಮ ಅದನ್ನು ನೋಡಿ, ‘ಮನೆ ಹೊರಗೆ ಸಿಕ್ಕಿಹಾಕಿಕೊಂಡವನು ಇಷ್ಟೆಲ್ಲ ಓದ್ತಾನಾ? ನಿಮ್ಮ ಫೋನ್ ನಂಬರ್ ಎಲ್ಲಿ?’ ಅಂತ ಕೇಳಿದರು. ಹದಿನೇಳು ಪುಟದಲ್ಲಿ ಎಲ್ಲೂ ನಂಬರ್ ಇರಲಿಲ್ಲ! ನನ್ನದು ಅಚ್ಚುಕಟ್ಟು: ಮುಖಪುಟ, ಹೊಲಿಗೆ ಕೆಲಸಗಳು, ಅಂಗಡಿಯ ಸಮಯ ಮತ್ತು ದಾರಿ, ನಮ್ಮ ಬಗ್ಗೆ. ಬರೆದು ಮುಗಿಸಿ ನೋಡಿದರೆ ಹಾಳೆಯ ಬಲಗಡೆ ಐದನೇ ಚೌಕವೂ ಬಂದುಬಿಟ್ಟಿದೆ. ಕೈ ತಾನೇ ಬರೆದದ್ದು. ಒಳಗೆ ‘ಮೆಷಿನ್ ರಿಪೇರಿ’ ಅಂತ ನನ್ನದೇ ಅಕ್ಷರ. ಟೀಚರಮ್ಮ ‘ಇದನ್ನ ಮಾಡೋರು ಯಾರು?’ ಅಂದರು. ಈಗ ಯಾರೂ ಇಲ್ಲ ಅಂದೆ. ‘ಹಾಗಾದ್ರೆ ಹೊಡೆದುಹಾಕಿ’ ಅಂದರು. ನಾನು ಪೆನ್ಸಿಲು ಎತ್ತಿದವಳು ಹಾಗೇ ಇಟ್ಟೆ. ಮುಂದೆ ಬೇಕಾದೀತು ಅಂತ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುವುದು ನನ್ನ ಅಭ್ಯಾಸ, ನಿನಗೆ ಗೊತ್ತೇ ಇದೆ.

ಆಮೇಲೆ ವಿಳಾಸ ಆರಿಸುವ ಗಲಾಟೆ. ಸೈಟಿಗೆ ಒಂದು ವಿಳಾಸ ಬೇಕು, ಅದು ಪ್ರಪಂಚದಲ್ಲಿ ಇನ್ನೊಬ್ಬರದ್ದಾಗಿರಬಾರದು. ಅದನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಒಂದು ಕಂಪನಿ, ಪುಟಗಳನ್ನು ಇಡಲು ಜಾಗ ಕೊಡುವುದಕ್ಕೆ ಇನ್ನೊಂದು. ಬಾಡಿಗೆ ಅಂಗಡಿ ಇದ್ದ ಹಾಗೆ, ಪ್ರತಿ ವರ್ಷ ನೆನಪಿಟ್ಟು ಮುಂದುವರಿಸಬೇಕಂತೆ. ನಮ್ಮ ಅಂಗಡಿಯ ಹೆಸರನ್ನು ಕೇಳಿದರೆ ಯಾರೋ ಕುದುರೆ ತರಬೇತಿಯವನು ಆಗಲೇ ಹಿಡಿದು ಕೂತಿದ್ದಾನೆ. ಕುದುರೆಗೂ ನಮ್ಮ ಹೆಸರಿಗೂ ಏನು ಸಂಬಂಧವೋ ಕಾಣೆ. ಅರ್ಧ ಗಂಟೆ ತಲೆ ಕೆರೆದುಕೊಂಡು ಕೊನೆಗೆ ಹೆಸರಿನ ಹಿಂದೆ ‘ಅಣ್ಣತಂಗಿ’ ಅಂತ ಸೇರಿಸಿದೆ. ಸಿಕ್ಕಿತು. ಬೀಗದವರು ಬಗ್ಗಿ ನೋಡಿ, ‘ಅಂಗಡೀಲಿ ಇರೋದು ತಂಗಿ ಒಬ್ಬಳೇ ಅಲ್ವಾ?’ ಅಂದರು. ಅಂಗಡಿ ಇಬ್ಬರದ್ದೇ, ನೀವು ನಿಮ್ಮ ಬೀಗ ನೋಡಿಕೊಳ್ಳಿ ಅಂದೆ.

ನಿಜವಾಗಿ ಕಷ್ಟವಾದದ್ದು ‘ನಮ್ಮ ಬಗ್ಗೆ’ ಪುಟ. ಟೀಚರಮ್ಮ ಹೇಳಿದ್ದು ಇಷ್ಟೇ: ‘ಅತ್ಯುತ್ತಮ, ಶ್ರೇಷ್ಠ ಅಂತೆಲ್ಲ ಬರೀಬೇಡಿ. ಅಂಗಡಿಗೆ ಬಂದವರಿಗೆ ಏನು ಹೇಳ್ತೀರೋ ಅದನ್ನೇ ಬರೀರಿ.’ ಸುಲಭ ಅಂದುಕೊಂಡು ಮನೆಯಲ್ಲಿ ಕೂತೆ. ಮೂವತ್ತೊಂದು ವರ್ಷದ ಹಿಂದೆ ಮುಂದಿನ ಅರ್ಧದಲ್ಲಿ ನಾನು, ಹಿಂದಿನ ಅರ್ಧದಲ್ಲಿ ಅಣ್ಣ, ನಡುವೆ ಒಂದು ಪರದೆ ಅಂತ ಶುರು ಮಾಡಿದೆ. ಬರೆಯುತ್ತಾ ಬರೆಯುತ್ತಾ ಕಳೆದ ವರ್ಷಕ್ಕೆ ಬಂದೆ, ಅಲ್ಲಿ ಕೈ ನಿಂತುಹೋಯಿತು. ಜನ ಹಳೆಯ ಮೆಷಿನ್ನನ್ನು ರಿಪೇರಿಗೆ ತರುವುದು ಬಿಟ್ಟು ಬೀದಿ ಬದಿಗೆ ಇಡಲು ಶುರು ಮಾಡಿದ್ದು, ಹನ್ನೊಂದು ದಿನ ನಿನ್ನ ಬೆಂಚಿನ ಮೇಲೆ ಒಂದೂ ಮೆಷಿನ್ ಇಲ್ಲದೆ ನೀನು ನನ್ನ ಮೆಷಿನ್ನಿಗೇ ದಿನಾ ಎಣ್ಣೆ ಬಿಟ್ಟಿದ್ದು, ಆ ಎಣ್ಣೆ ಬಿಳಿ ಅಂಗಿಯೊಂದಕ್ಕೆ ಹತ್ತಿ ನಾನು ಕೂಗಾಡಿದ್ದು. ಅಂಗಿಯ ವಿಷಯಕ್ಕೆ ನೀನು ಹೋದೆ ಅಂತಲೇ ಇಷ್ಟು ದಿನ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ ಅಣ್ಣಾ. ಅದಲ್ಲ. ಮಾರನೇ ದಿನ ಬಂದ ಗಿರಾಕಿಯೊಬ್ಬರಿಗೆ ನಾನು ದನಿ ತಗ್ಗಿಸಿ, ‘ಮನೇಲಿ ಮೆಷಿನ್ ಇದ್ರೆ ಅಣ್ಣನಿಗೆ ಕೊಡಿ, ಪಾಪ, ಸುಮ್ನೆ ಕೂತಿದ್ದಾನೆ’ ಅಂದೆ. ಪರದೆಯ ಹಿಂದೆ ನೀನಿದ್ದೆ. ಮೆಷಿನ್ನಿನ ಒಳಗಿನ ಕೂದಲೆಳೆ ಶಬ್ದ ಕೇಳುವ ಕಿವಿಗೆ ನನ್ನ ‘ಪಾಪ’ ಕೇಳದೇ ಇರುತ್ತದಾ? ಅದೇ ಸಂಜೆ ನೀನು ನಿನ್ನ ಬೋರ್ಡು ಇಳಿಸಿ, ಮುಖ ಗೋಡೆಗೆ ಮಾಡಿ, ಬೀರುವಿನ ಹಿಂದೆ ನಿಲ್ಲಿಸಿದೆ. ಆ ವಾರವೇ ಕಾರ್ಖಾನೆಯ ಕೆಲಸ ಒಪ್ಪಿಕೊಂಡೆ. ನಾನು ಹಾಗೆ ಅನ್ನಬಾರದಿತ್ತು. ನನ್ನ ಕಸುಬಿನ ಜೊತೆಗಾರನನ್ನು ನಾನೇ ಭಿಕ್ಷೆಗೆ ನಿಲ್ಲಿಸಿದ ಹಾಗಾಯಿತು. ತಪ್ಪಾಯಿತು ಅಣ್ಣಾ. ಇದನ್ನು ಎಂಟು ತಿಂಗಳ ಹಿಂದೆಯೇ ಹೇಳಬೇಕಿತ್ತು, ಬಾಯಿ ಬರಲಿಲ್ಲ.

ಇರಲಿ, ಸುದ್ದಿಗೆ ಹೋಗೋಣ. ಮೂರನೇ ಶನಿವಾರ ಕಂಪ್ಯೂಟರು ಕೈಗೆ ಸಿಕ್ಕಿತು. ಎಲ್ಲವನ್ನೂ ಮೊದಲಿಂದ ಕಟ್ಟಬೇಕಾಗಿಲ್ಲ. ಟೆಂಪ್ಲೇಟ್ ಅಂತ ಸಿದ್ಧ ಮಾದರಿಗಳಿರುತ್ತವೆ, ನಮ್ಮ ಕಾಗದದ ಕಟಿಂಗಿನ ಹಾಗೆ. ಒಂದನ್ನು ಆರಿಸಿಕೊಂಡು ನಮ್ಮ ಮೈಗೆ ತಕ್ಕ ಹಾಗೆ ಅಲ್ಲಿ ಹಿಡಿದು ಇಲ್ಲಿ ಬಿಟ್ಟರೆ ಆಯಿತು. ಫೋಟೋಗಳ ಜವಾಬ್ದಾರಿ ನಮ್ಮ ಮನೆಯವರದ್ದು. ನಲವತ್ತು ಫೋಟೋ ತೆಗೆದುಕೊಟ್ಟರು, ಮೂವತ್ತಾರರಲ್ಲಿ ಅವರ ಹೆಬ್ಬೆರಳು. ಉಳಿದ ನಾಲ್ಕನ್ನು ಹಾಕಿದರೆ ಪುಟ ತೆರೆಯುವಷ್ಟರಲ್ಲಿ ಒಂದು ಬಟನ್ ಹೊಲಿದು ಮುಗಿಸಬಹುದು, ಅಷ್ಟು ನಿಧಾನ. ಫೋಟೋಗಳಿಗೂ ತೂಕ ಇರುತ್ತದಂತೆ. ಟೀಚರಮ್ಮ ಅವನ್ನು ಕುಗ್ಗಿಸುವುದು ಹೇಗೆ ಅಂತ ತೋರಿಸಿಕೊಟ್ಟರು. ಕಂಪ್ಯೂಟರಿನಲ್ಲಿ ಚೆನ್ನಾಗಿ ಕೂತ ಪುಟ ಫೋನಿನಲ್ಲಿ ನೋಡಿದರೆ ಅಕ್ಷರಗಳೆಲ್ಲ ಅಂಚು ದಾಟಿ ಆಚೆ ಹೋಗಿದ್ದವು. ಅದನ್ನೂ ಸರಿಪಡಿಸಿದೆವು. ಆಮೇಲೆ ಟ್ರಯಲ್. ಸೈಟನ್ನು ನೋಡಿರದ ಯಾರಿಗಾದರೂ ಕೊಟ್ಟು, ‘ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತೆ, ಹುಡುಕಿ’ ಅನ್ನಬೇಕು. ಪಕ್ಕದಲ್ಲಿ ನಿಂತು ತುಟಿ ಬಿಚ್ಚಬಾರದು. ನಮ್ಮ ಮನೆಯವರ ಕೈಗೆ ಕೊಟ್ಟೆ. ಅವರು ಮೇಲೆ ಹೋದರು, ಕೆಳಗೆ ಹೋದರು, ಕತ್ತರಿಯ ಚಿತ್ರವನ್ನು ಮೆಚ್ಚಿಕೊಂಡರು, ಕೊನೆಗೆ ‘ಹತ್ತು ಗಂಟೆಗೆ’ ಅಂದರು. ಸೈಟಿನಲ್ಲಿ ಸಿಕ್ಕಿತಾ ಅಂದರೆ, ‘ಇಲ್ಲ, ನನಗೆ ಗೊತ್ತಲ್ಲ’ ಅಂದರು. ತುಟಿ ಬಿಚ್ಚಬಾರದು ಅಂತ ಇದ್ದದ್ದಕ್ಕೆ ಅವತ್ತು ಅವರು ಬಚಾವು. ಸಮಯವನ್ನು ತೆಗೆದು ಮುಖಪುಟದ ತಲೆಯ ಮೇಲೇ ಹಾಕಿದೆ.

ಇನ್ನು ನನ್ನ ಘನಂದಾರಿ ತಪ್ಪಿನ ಕಥೆ. ಪುಟ ಹೇಗೆ ಕೂರುತ್ತದೆ ಅಂತ ನೋಡಲು ಮೊದಲು ಏನಾದರೂ ತುಂಬಿಸಿಡಿ, ಆಮೇಲೆ ನಿಜವಾದ ಮಾತು ಹಾಕಿ ಅಂತ ಟೀಚರಮ್ಮ ಹೇಳಿದ್ದರು. ಬೀಗದವರು ಅಆಇಈ ಅಂತ ಪುಟಗಟ್ಟಲೆ ಹೊಡೆದರು. ಇದು ಕಚ್ಚಾ ಹೊಲಿಗೆ, ಅಷ್ಟೇ ತಾನೆ ಅಂದುಕೊಂಡು ನಾನು ಬಾಯಿಗೆ ಬಂದದ್ದನ್ನು ಬರೆದೆ. ಕಚ್ಚಾ ಹೊಲಿಗೆಗೆ ಬಟ್ಟೆಯ ಬಣ್ಣದ ದಾರ ಹಾಕುವ ಟೈಲರ್ ಎಲ್ಲಿಯೂ ಇಲ್ಲವಲ್ಲ, ಕಣ್ಣಿಗೆ ಕಾಣಬೇಕು, ಆಮೇಲೆ ಹುಡುಕಿ ಬಿಚ್ಚಬೇಕು. ಅದಕ್ಕೇ ತುಂಬಿಸಿದ ಸಾಲುಗಳನ್ನೆಲ್ಲ ಕೆಂಪು ಅಕ್ಷರದಲ್ಲಿ ಹಾಕಿದ್ದೆ. ಒಂದೊಂದು ಪುಟದ್ದೂ ಬಿಚ್ಚುತ್ತಾ, ನಿಜವಾದ ಮಾತು ಹಾಕುತ್ತಾ ಬಂದೆ. ಐದನೇ ಪುಟವೊಂದು ಉಳಿದಿತ್ತು. ಕೊನೆಯ ಶನಿವಾರ ಟೀಚರಮ್ಮ, ‘ಅಕ್ಷರಕ್ಕೆ ನಾಲ್ಕು ಬಣ್ಣ ಬೇಡ, ಇಲ್ಲಿ ಒತ್ತಿದ್ರೆ ಇಡೀ ಸೈಟಿಗೆ ಒಂದೇ ಬಣ್ಣ ಆಗುತ್ತೆ’ ಅಂದರು. ಒತ್ತಿದೆ. ಎಲ್ಲ ಕಡು ನೀಲಿಯಾಯಿತು. ಆಮೇಲೆ ಎಲ್ಲಾದರೂ ಕಚ್ಚಾ ಹೊಲಿಗೆ ಉಳಿದಿದೆಯಾ ಅಂತ ಒಂದೊಂದು ಪುಟ ತೆರೆದು ಕೆಂಪು ಹುಡುಕಿದೆ. ಕೆಂಪೇ ಇಲ್ಲ! ನನ್ನ ಬುದ್ಧಿಗೆ ಆಗ ಏನು ಕವಿದಿತ್ತೋ, ‘ಆಹಾ, ಎಲ್ಲ ಬಿಚ್ಚಿಯಾಗಿದೆ’ ಅಂತ ಹಿಗ್ಗಿ, ‘ಪ್ರಕಟಿಸಿ’ ಅನ್ನುವ ಗುಂಡಿ ಒತ್ತಿಬಿಟ್ಟೆ. ಬೀಗದವರು ಚಪ್ಪಾಳೆ ತಟ್ಟಿದರು. ಟೀಚರಮ್ಮ ಎಲ್ಲರಿಗೂ ಒಂದೊಂದು ಬಿಸ್ಕತ್ತು ಕೊಟ್ಟರು.

ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಗುರುತಿಲ್ಲದ ಒಬ್ಬ ಹೆಂಗಸು ಮಗುವಿನ ತಳ್ಳುಗಾಡಿಯನ್ನು ಅಂಗಡಿಯೊಳಗೆ ತಳ್ಳಿಕೊಂಡು ಬಂದಳು. ಮಗುವನ್ನು ನೋಡೋಣ ಅಂತ ಹೊದಿಕೆ ಎತ್ತಿದರೆ ಒಳಗೆ ಕಪ್ಪು ಹೊಲಿಗೆ ಮೆಷಿನ್ನು! ‘ಆ ಮುಂಗೋಪಿ ಅಣ್ಣ ಇದ್ದಾರಾ?’ ಅಂತ ಕೇಳಿದಳು. ಮುಂಗೋಪಿ ಅಂತ ನಿಮಗೆ ಹೇಳಿದವರು ಯಾರು ಅಂದರೆ, ನಿಮ್ಮ ಸೈಟೇ ಅಂದಳು. ಆಕೆಯ ಫೋನಿನಲ್ಲೇ ತೆಗೆದು ನೋಡಿದೆ. ಐದನೇ ಪುಟದಲ್ಲಿ ಅಚ್ಚ ನೀಲಿಯಲ್ಲಿ, ಊರಿಗೆಲ್ಲ ಕಾಣುವ ಹಾಗೆ ಹೀಗಿದೆ ನೋಡು:

‘ಇಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದವನು ನನ್ನ ಅಣ್ಣ. ಮೆಷಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆ. ಮನುಷ್ಯರ ಮಾತು ಮಾತ್ರ ಕೇಳುವುದಿಲ್ಲ. ಮುಂಗೋಪಿ. ರಿಪೇರಿ ಮಾಡಿದ ಮೇಲೆ ಮೆಷಿನ್ನಿನ ಬೆನ್ನು ತಟ್ಟುತ್ತಾನೆ, ಗಿರಾಕಿಯ ಮುಖ ಕೂಡ ನೋಡುವುದಿಲ್ಲ. ಅವನು ಮುಟ್ಟಿದ ಮೆಷಿನ್ ಮತ್ತೆ ಕೆಟ್ಟದ್ದನ್ನು ನಾನು ಕಂಡಿಲ್ಲ. ಈಗ ಸಿಟ್ಟು ಮಾಡಿಕೊಂಡು ದೂರ ಹೋಗಿ ಕೂತಿದ್ದಾನೆ. ಸಿಟ್ಟು ಬರುವ ಹಾಗೆ ಮಾಡಿದವಳು ನಾನೇ. ಪರದೆಯ ಆಚೆ ಸುತ್ತಿಗೆಯ ಸದ್ದಿಲ್ಲದೆ ನನ್ನ ಹೊಲಿಗೆ ಸೊಟ್ಟಗಾಗುತ್ತಿದೆ.’

ಇದರ ಕೆಳಗೆ ಇನ್ನೊಂದು ಸಾಲಿದೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ, ಬಿಡು.

ನಾಚಿಕೆಯಿಂದ ನನ್ನ ಮುಖ ಕೆಂಪಾದದ್ದು ನೋಡಿದ್ದರೆ ನೀನು ಒಂದು ವಾರ ನಗುತ್ತಿದ್ದೆ. ಅಮ್ಮಾ, ಅದು ತಪ್ಪಿ ಉಳಿದದ್ದು, ಅಣ್ಣ ಇಲ್ಲಿಲ್ಲ, ಮೆಷಿನ್ ವಾಪಸ್ ತಗೊಂಡು ಹೋಗಿ ಅಂದೆ. ಆಕೆ ಗಾಡಿಯಿಂದ ಮೆಷಿನ್ನನ್ನು ಎತ್ತಿ ನೆಲದ ಮೇಲಿಟ್ಟೇ ಬಿಟ್ಟಳು. ‘ನಮ್ಮಜ್ಜೀದು. ಬೇರೆ ಕಡೆ ಹೊಸದು ತಗೊಳ್ಳಿ ಅಂತಾರೆ. ಬೆನ್ನು ತಟ್ಟೋರು ಬೇಕು ಇದಕ್ಕೆ. ನಾನು ಕಾಯ್ತೀನಿ’ ಅಂದು ಖಾಲಿ ಗಾಡಿ ತಳ್ಳಿಕೊಂಡು ಹೋದಳು. ಆಕೆ ಅದನ್ನು ಯಾರಿಗೆ ತೋರಿಸಿದಳೋ, ಅವರು ಇನ್ಯಾರಿಗೆ ಕಳಿಸಿದರೋ ತಿಳಿಯದು. ಮರುದಿನ ಇಬ್ಬರು, ಅದರ ಮಾರನೇ ದಿನ ಮೂವರು ಬಂದರು. ಪುಟ ತೆಗೆದುಹಾಕಿಬಿಡೋಣ ಅಂತ ಟೀಚರಮ್ಮನ ಹತ್ತಿರ ಓಡಿದರೆ ಅವರು ಅದನ್ನು ನಿಧಾನವಾಗಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ‘ಐದೂ ಪುಟದಲ್ಲಿ ಸರಿಯಾಗಿ ಬರೆದಿರೋದು ಇದೊಂದೇ. ಬೇಕಾದಾಗ ಬಿಚ್ಚಬಹುದು, ಈಗ ಮುಟ್ಟಬೇಡಿ’ ಅಂದರು. ನಾನು ಮುಟ್ಟಿಲ್ಲ.

ಈಗ ಹಿಂದಿನ ಅರ್ಧದಲ್ಲಿ ಹದಿನಾರು ಮೆಷಿನ್ ಇವೆ. ನಿನ್ನ ಬೆಂಚಿನ ಮೇಲೆ ನಾಲ್ಕು, ಕೆಳಗೆ ಐದು, ಉಳಿದವು ಗೋಡೆಗುಂಟ ಸಾಲಾಗಿ. ಒಂದೊಂದಕ್ಕೂ ಚೀಟಿ ಕಟ್ಟಿ ಅದರ ದೂರು ಬರೆದಿದ್ದೇನೆ. ಒಂದರ ಚಕ್ರ ಮುಂದಕ್ಕೆ ತಿರುಗುವುದಿಲ್ಲ, ಹಿಂದಕ್ಕೆ ಮಾತ್ರ ಸರಾಗ. ಇನ್ನೊಂದರ ಡ್ರಾಯರಿನಲ್ಲಿ ಯಾರದ್ದೋ ಹಾಲುಹಲ್ಲು ಸಿಕ್ಕಿತು, ಅದನ್ನು ಪೊಟ್ಟಣ ಕಟ್ಟಿ ಇಟ್ಟಿದ್ದೇನೆ. ಕಾಲಿನಿಂದ ತುಳಿಯುವ ಒಂದು ದೊಡ್ಡ ಮೆಷಿನ್ ಇದೆ, ಓಡಿಸಿದರೆ ಕುಂಯ್ ಟಕ್, ಕುಂಯ್ ಟಕ್ ಅನ್ನುತ್ತದೆ, ಏಳನೇ ಸಲಕ್ಕೆ ಸರಿಯಾಗಿ ಟಕ್ ಬಿಟ್ಟುಹೋಗುತ್ತದೆ. ನಮ್ಮ ಮನೆಯವರು ಬೆಲ್ಟು ಅನ್ನುತ್ತಾರೆ, ನಾನು ಶಟಲ್ ಅನ್ನುತ್ತೇನೆ. ಏಳಕ್ಕೊಮ್ಮೆ ಯಾಕೆ ಅಂತ ಇಬ್ಬರಿಗೂ ಗೊತ್ತಿಲ್ಲ. ನಿನಗೆ ಗೊತ್ತಾಗಿರಬೇಕು, ಈಗಲೇ ನಿನ್ನ ಹುಬ್ಬು ಮೇಲೇರಿರಬೇಕು. ಆ ಮೆಷಿನ್ ತಂದವರು ಎಂಬತ್ತು ದಾಟಿದ ಒಬ್ಬ ತಾತ. ಯಾವಾಗ ಆಗುತ್ತದೋ ಹೇಳಲಾರೆ ಅಂದರೆ, ‘ಅವಸರ ಇಲ್ಲಮ್ಮ, ಮೊದಲು ಅವರ ಸಿಟ್ಟು ಇಳೀಲಿ’ ಅಂದು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಹೋದರು. ಬೀಗದವರ ಸೈಟಿಗೆ ಇನ್ನೂ ಯಾರೂ ಬಂದಿಲ್ಲ. ಅವರು ನನ್ನ ಮೇಲೆ ಮುನಿಸಿಕೊಂಡು, ತಾವೂ ತಮ್ಮ ಹೆಂಡತಿಯ ಬಗ್ಗೆ ಏನಾದರೂ ಬರೆದುಬಿಡಲಾ ಅಂತ ಕೇಳುತ್ತಿದ್ದಾರೆ. ಬೇಡ, ಮನೆಗೆ ಸೇರಿಸಿಕೊಳ್ಳಲಿಕ್ಕಿಲ್ಲ, ಆಮೇಲೆ ಯಾವ ಬೀಗ ತೆಗೆದರೂ ಪ್ರಯೋಜನವಿಲ್ಲ ಅಂದೆ.

ಹದಿನಾರು ಮೆಷಿನ್ ಅಂದರೆ ಜೀವನಪೂರ್ತಿಯ ಕೆಲಸ ಅಂತ ನಾನು ಹೇಳುತ್ತಿಲ್ಲ. ಮುಂದಿನ ವರ್ಷ ಹೇಗೋ ಏನೋ, ಅದು ನನಗೂ ಗೊತ್ತಿಲ್ಲ, ನಿನಗೆ ಸುಳ್ಳು ಆಸೆ ತೋರಿಸುವವಳೂ ಅಲ್ಲ. ಅಲ್ಲಿ ತಿಂಗಳಾದರೆ ಕೈಗೆ ಬರುವ ಸಂಬಳ, ಇಲ್ಲಿ ಚೀಟಿ ಕಟ್ಟಿಕೊಂಡು ಕೂತ ಮೆಷಿನ್‌ಗಳು. ತೂಗಿ ನೋಡುವವನು ನೀನು. ಒಂದು ಮಾತು ಮಾತ್ರ ನಿಜ. ಈ ಹದಿನಾರು ಜನರಲ್ಲಿ ಒಬ್ಬರಾದರೂ ನಿನ್ನನ್ನು ‘ಪಾಪ’ ಅಂದುಕೊಂಡು ಬಂದದ್ದಲ್ಲ. ನಿನ್ನ ಕೈ ಬೇಕು ಅಂತಲೇ ಬಂದದ್ದು. ನಾನು ಒಬ್ಬರಿಗೂ ಶಿಫಾರಸು ಮಾಡಿಲ್ಲ, ಬದಲಿಗೆ ವಾಪಸ್ ಕಳಿಸಲು ಜಗಳವಾಡಿ ಸೋತಿದ್ದೇನೆ.

ಕಾಗದ ಉದ್ದವಾಯಿತು, ಬಟನ್ ಹೊಲಿಯುವುದು ಇನ್ನೂ ಬೇಕಾದಷ್ಟಿದೆ. ಹತ್ತಿ ಇಟ್ಟುಕೋ, ಎಣ್ಣೆ ಹಚ್ಚಿಕೋ, ಕ್ಯಾಂಟೀನಿನವರು ಎರಡನೇ ಸಲ ಬಡಿಸಿದರೆ ಬೇಡ ಅನ್ನಬೇಡ. ನಮ್ಮ ಮನೆಯವರು ನಿನಗೆ ನಮಸ್ಕಾರ ತಿಳಿಸಿದ್ದಾರೆ, ಜೊತೆಗೆ ಹದಿನಾರು ಮೆಷಿನ್‌ಗಳ ಫೋಟೋ ತೆಗೆದು ಕೊಟ್ಟಿದ್ದಾರೆ. ಅದರಲ್ಲಿ ಹದಿನೈದೇ ಕಾಣುತ್ತವೆ, ಹದಿನಾರನೆಯದು ಹೆಬ್ಬೆರಳಿನ ಹಿಂದಿದೆ. ಬೀಗದವರು ನಿನ್ನ ಕುದುರೆ ಇನ್ನೂ ತಮ್ಮ ಬಳಿಯೇ ಇದೆ ಅಂತ ಹೇಳಿಕಳಿಸಿದ್ದಾರೆ. ನಿನ್ನ ಕಿವಿ, ಕೈ, ಕೋಪ ಮೂರೂ ಚೆನ್ನಾಗಿರಲಿ ಅಂತ ಬೇಡಿಕೊಳ್ಳುವ,

ನಿನ್ನ ತಂಗಿ,
(ನೀನೇ ಕರೆಯುತ್ತಿದ್ದ ಹಾಗೆ) ಸೂಜಿ

ತಾ.ಕ.: ಲಕೋಟೆ ಹುಡುಕುವಷ್ಟರಲ್ಲಿ ಹದಿನೇಳನೆಯದು ಬಂತು, ಬೇಗ ಬೇಗ ಬರೆಯುತ್ತಿದ್ದೇನೆ, ಅಂಚೆ ಡಬ್ಬ ತೆರೆಯುವ ಹೊತ್ತಾಯಿತು. ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಹುಡುಕಿ ನೋಡು, ನೀನು ಬೇಡ ಅಂದ ಮಾತನ್ನು ಈ ಕಾಗದದಲ್ಲಿ ನಾನು ಎಲ್ಲಿಯೂ ಬರೆದಿಲ್ಲ. ಸೈಟಿನ ವಿಳಾಸ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿದೆ. ಮೂವತ್ತಕ್ಕೆ ಮೊದಲು ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಯಾರಿಂದಲಾದರೂ ತೆರೆಸಿ, ಐದನೇ ಪುಟದ ಕೊನೆಯ ಸಾಲು ಓದು. ಕಾಗದದಲ್ಲಿ ಬರೀಬೇಡ ಅಂದಿದ್ದೆ ನೀನು, ವೆಬ್‌ಸೈಟಿನ ಮಾತು ಆಗ ಬಂದಿರಲಿಲ್ಲ. ಟೀಚರಮ್ಮ ಅವತ್ತು ಆ ಪುಟ ಓದಿದ ಮೇಲೆ ನನ್ನ ಕಿವಿಯಲ್ಲಿ, ‘ನೀವು ಮನಸ್ಸಲ್ಲಿ ಇಟ್ಕೊಂಡಿದ್ದು ಕೋಟಿನ ಹುಡುಗೀನ ಅಲ್ಲ, ಅಲ್ವಾ?’ ಅಂದರು. ಅಲ್ಲ ಅಂದೆ. ಊರೆಲ್ಲ ನೋಡಿಯಾಯಿತು ಅಣ್ಣಾ, ಆ ಒಬ್ಬ ಮಾತ್ರ ಇನ್ನೂ ನೋಡಿಲ್ಲ.